ಮಣ್ಣು ಬಾಯಿಗೆ, ಹುಳು ಮಿದುಳಿಗೆ

ಮಣ್ಣು ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆ ಎಂದು ಎಚ್ಚರಿಸದ ಅಜ್ಜಿ ನಮ್ಮಲ್ಲಿ ಇಲ್ಲ. ಅಂಗಳದಲ್ಲಿ ಕೂತ ಮಗು ಸುಮ್ಮನೆ ಬಾಯಾಡಿಸುತ್ತಿದ್ದರೆ ಮನೆಯವರು ಓಡಿ ಬರುತ್ತಾರೆ, ಬಾಯಿಗೆ ಬೆರಳು ಹಾಕಿ ಮಣ್ಣು ತೆಗೆಯುತ್ತಾರೆ, ಗದರುತ್ತಾರೆ. ಕೃಷ್ಣ ಮಣ್ಣು ತಿಂದಾಗ ಯಶೋದೆ ಮಾಡಿದ್ದೂ ಅದನ್ನೇ.

ಅಜ್ಜಿಯ ಮಾತು ನಿಜ, ಆದರೆ ಪೂರ್ತಿ ಅಲ್ಲ. ಮಣ್ಣಿನೊಂದಿಗೆ ಒಳಗೆ ಹೋಗುವ ಕೆಲವು ಹುಳುಗಳು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಪರೂಪಕ್ಕೆ ಅವು ಮಿದುಳನ್ನು ಸುತ್ತಿರುವ ಪೊರೆಗಳವರೆಗೆ ಹೋಗಿ ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಮೆನಿಂಜೈಟಿಸ್ ಎಂದು ಆಸ್ಪತ್ರೆಯಲ್ಲಿ ಹೇಳುವ ಕಾಯಿಲೆ ಇದೇ. ನಾವು ಇಲ್ಲಿ ಪೊರೆಯುರಿ ಎನ್ನೋಣ. ಸಾಮಾನ್ಯವಾಗಿ ಇದನ್ನು ತರುವುದು ಬ್ಯಾಕ್ಟೀರಿಯಾ, ವೈರಸ್ ಅಥವಾ ಕ್ಷಯ. ಹುಳುವಿನಿಂದಲೂ ಬರಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಒಗಟು ಇರುವುದು ಇಲ್ಲಿಯೇ. ಬಾಯಿಯಿಂದ ಹೊಟ್ಟೆಗೆ ದಾರಿ ಇದೆ. ಹೊಟ್ಟೆಯಿಂದ ತಲೆಗೆ ದಾರಿ ಎಲ್ಲಿದೆ? ನಡುವೆ ಜಠರದ ಆಮ್ಲ ಇದೆ, ಕರುಳಿನ ಗೋಡೆ ಇದೆ, ರಕ್ತದಿಂದ ಮಿದುಳಿಗೆ ಕಂಡದ್ದೆಲ್ಲ ನುಸುಳದಂತೆ ಕಾಯುವ ತಡೆಯೂ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಹುಳು ಇಷ್ಟನ್ನೂ ದಾಟಿ ಅಲ್ಲಿಗೇಕೆ ಹೋಗುತ್ತದೆ? ಮಿದುಳಿನಲ್ಲಿ ಅದಕ್ಕೇನು ಕೆಲಸ?

ತಿನ್ನಬಾರದ್ದರ ಬಯಕೆ

ಮೊದಲು ತಿನ್ನುವವರ ಮಾತು. ಬಳಪ, ಸೀಮೆಸುಣ್ಣ, ಇದ್ದಿಲು, ಒಲೆಯ ಬೂದಿ, ಗೋಡೆಯ ಸುಣ್ಣದ ಚಕ್ಕೆ, ಹುತ್ತದ ಮಣ್ಣು, ಹೊಸ ಮಳೆ ಬಿದ್ದ ಕೆಮ್ಮಣ್ಣು. ಇವುಗಳಲ್ಲಿ ಒಂದನ್ನಾದರೂ ಗುಟ್ಟಾಗಿ ತಿಂದವರು ನಮ್ಮ ಪ್ರತಿಯೊಂದು ಬೀದಿಯಲ್ಲೂ ಇದ್ದಾರೆ. ಬಸುರಿ ಹೆಂಗಸರಲ್ಲಿ ಈ ಬಯಕೆ ಎಷ್ಟು ಸಾಮಾನ್ಯ ಎಂದರೆ ಮನೆಯ ಹಿರಿಯರು ಅದನ್ನು ಹುಳಿಯ ಆಸೆಯ ಸಾಲಿನಲ್ಲೇ ಸೇರಿಸಿಬಿಡುತ್ತಾರೆ. ವೈದ್ಯರು ಇದನ್ನು ಪೈಕಾ ಎನ್ನುತ್ತಾರೆ. ಮಣ್ಣುಬಯಕೆ ಎಂದರೆ ನಮಗೆ ಸಾಕು.

ಎರಡು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು ಬೆಳವಣಿಗೆಯ ಭಾಗ, ಅದನ್ನು ಮಣ್ಣುಬಯಕೆ ಎನ್ನುವುದಿಲ್ಲ. ಅದಕ್ಕಿಂತ ದೊಡ್ಡವರು ಒಂದು ತಿಂಗಳಿಗೂ ಹೆಚ್ಚು ಕಾಲ ಬಿಡದೆ ತಿಂದರೆ ಮಾತ್ರ ಆ ಹೆಸರು. ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳಲ್ಲಿ, ಆಟಿಸಂ ಇರುವವರಲ್ಲಿ ಇದು ಹೆಚ್ಚು, ಮತ್ತು ದೊಡ್ಡವರಾದ ಮೇಲೂ ಉಳಿಯಬಹುದು. ಬಾಯಿಗೆ ಹೋದದ್ದೇನು ಎಂದು ಹೇಳಲು ಅವರಲ್ಲಿ ಅನೇಕರಿಗೆ ಮಾತೇ ಇರುವುದಿಲ್ಲ. ಅವರ ಅಪಾಯ ಎಲ್ಲರಿಗಿಂತ ದೊಡ್ಡದು, ಅವರ ಬಗ್ಗೆ ನಮ್ಮ ಕಾಳಜಿಯೂ ದೊಡ್ಡದಿರಬೇಕು.

ಬಯಕೆಯ ಬೇರನ್ನು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಸಿಗುವುದು ರಕ್ತಹೀನತೆ. ದೇಹದಲ್ಲಿ ಕಬ್ಬಿಣದ ಅಂಶ ಇಳಿದಾಗ ಮಣ್ಣು, ಸುಣ್ಣ, ಮಂಜುಗಡ್ಡೆಗಳ ಮೇಲೆ ಆಸೆ ಹುಟ್ಟುತ್ತದೆ. ಹೀಗೇಕೆ ಎಂಬುದಕ್ಕೆ ಒಂದೇ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಕಬ್ಬಿಣ ಕೊಟ್ಟಾಗ ಅನೇಕರಲ್ಲಿ ಆಸೆ ತಾನಾಗಿ ಅಡಗುತ್ತದೆ, ಕೆಲವರಲ್ಲಿ ಹಿಮೋಗ್ಲೋಬಿನ್ ಏರುವುದಕ್ಕೂ ಮೊದಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ, ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮಣ್ಣು ತಿನ್ನುವುದು ಕೆಟ್ಟ ಚಾಳಿ ಎಂದು ಬೈಯುವ ಮೊದಲು ಈ ಸಂಖ್ಯೆಗಳನ್ನು ನೆನೆಯಬೇಕು.

ಇಲ್ಲೊಂದು ವಿಷಚಕ್ರವೂ ಇದೆ. ಜೇಡಿಮಣ್ಣು ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯಬಲ್ಲದು. ರಕ್ತ ಕಡಿಮೆಯಾಗಿ ಮಣ್ಣು ತಿಂದವರಿಗೆ ಮಣ್ಣಿನಿಂದಲೇ ರಕ್ತ ಇನ್ನಷ್ಟು ಇಳಿಯುತ್ತದೆ.

ಎಲ್ಲ ಮಣ್ಣೂ ಒಂದೇ ಅಲ್ಲ

ಒಲೆಯ ಬೂದಿಯಲ್ಲಿ, ಇದ್ದಿಲಿನಲ್ಲಿ ಜೀವ ಉಳಿದಿರುವುದಿಲ್ಲ. ಅಂಗಡಿಯಿಂದ ತಂದ ಒಣ ಬಳಪದಲ್ಲೂ ಹುಳುವಿನ ಮೊಟ್ಟೆ ಇರುವ ಸಂಭವ ತೀರಾ ಕಡಿಮೆ. ಅವುಗಳಿಂದ ಹೊಟ್ಟೆ ಕಟ್ಟಬಹುದು, ಹಲ್ಲು ಸವೆಯಬಹುದು. ಹಳೆಯ ಗೋಡೆಯ ಬಣ್ಣದ ಚಕ್ಕೆಯಾದರೆ ಸೀಸದ ವಿಷ ಏರಬಹುದು. ಅವು ಬೇರೆಯೇ ತೊಂದರೆಗಳು. ಹುಳುವಿನ ವಿಷಯದಲ್ಲಿ ಹೆದರಬೇಕಾದದ್ದು ಪ್ರಾಣಿಗಳು ಓಡಾಡುವ, ನೆರಳಿನಲ್ಲಿ ತೇವ ಹಿಡಿದ ಮಣ್ಣಿಗೆ.

ಉತ್ತರ ಬೆಂಗಳೂರಿನಲ್ಲಿ ಅಂಥ ಮಣ್ಣಿಗೆ ಬರವಿಲ್ಲ. ಯಲಹಂಕ, ಜಕ್ಕೂರು, ಥಣಿಸಂದ್ರದ ಕಡೆ ಕಟ್ಟಡಗಳು ಏಳುತ್ತಲೇ ಇವೆ. ಪ್ರತಿಯೊಂದು ಸೈಟಿನ ಮುಂದೆಯೂ ಮರಳಿನ ರಾಶಿ, ಎಂ-ಸ್ಯಾಂಡಿನ ರಾಶಿ. ಹಗಲಲ್ಲಿ ಅದರ ಮೇಲೆ ಕೂಲಿಕಾರರ ಮಕ್ಕಳು ಆಡುತ್ತಾರೆ. ರಾತ್ರಿ ಅದೇ ರಾಶಿಯಲ್ಲಿ ನಾಯಿಗಳು ಗುಂಡಿ ತೋಡಿಕೊಂಡು ಮಲಗುತ್ತವೆ, ಮರಿ ಹಾಕುತ್ತವೆ, ಬೆಕ್ಕುಗಳು ಕೆದರಿ ಮಲ ಮುಚ್ಚುತ್ತವೆ. ಆರ್.ಟಿ. ನಗರದ ಉದ್ಯಾನದ ಮೂಲೆಯಲ್ಲೂ ಯಶವಂತಪುರದ ರೈಲ್ವೆ ಹಳಿಯ ಪಕ್ಕದ ಮೈದಾನದಲ್ಲೂ ನಡೆಯುವುದು ಇದೇ. ಮಹಾನಗರ ಪಾಲಿಕೆ 2023ರಲ್ಲಿ ನಾಯಿಗಳ ಎಣಿಕೆ ನಡೆಸಿತು. ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ರಾಷ್ಟ್ರೀಯ ಪಶುರೋಗ ಸಂಸ್ಥೆ ನಿವೇದಿಯ ತಜ್ಞರೂ ಅದಕ್ಕೆ ನೆರವಾದರು. ನಗರದಲ್ಲಿ ಬೀದಿನಾಯಿಗಳು ಸುಮಾರು 2.79 ಲಕ್ಷ ಎಂದು ಲೆಕ್ಕ ಸಿಕ್ಕಿತು.

ನಾಯಿಯ ಕರುಳಿನಲ್ಲಿ ಟಾಕ್ಸೊಕಾರ ಎಂಬ ಜಂತುಹುಳು ಇರುತ್ತದೆ. ಅದರ ಹೆಣ್ಣು ದಿನಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆ ಇಡಬಲ್ಲದು. ಇದು ಹೆಚ್ಚು ಇರುವುದು ಮುದ್ದು ಬರಿಸುವ ಪುಟ್ಟ ಮರಿಗಳಲ್ಲಿ. ತಾಯಿನಾಯಿಯ ಮಾಂಸಖಂಡಗಳಲ್ಲಿ ಮಲಗಿರುವ ಮರಿಹುಳುಗಳು ಅದು ಗಬ್ಬವಾದಾಗ ಎಚ್ಚೆತ್ತು, ಹೊಟ್ಟೆಯಲ್ಲಿರುವ ಮರಿಗಳಿಗೆ ದಾಟುತ್ತವೆ. ನಾಯಿಮರಿ ಹುಟ್ಟುವಾಗಲೇ ಹುಳುವನ್ನು ಹೊತ್ತು ಬರುತ್ತದೆ.

ಆಗತಾನೇ ಬಿದ್ದ ಮಲದಲ್ಲಿರುವ ಮೊಟ್ಟೆಯಿಂದ ಸೋಂಕು ಬರುವುದಿಲ್ಲ. ಮಣ್ಣಿನ ತೇವ, ಬಿಸುಪು ಎರಡೂ ಸಿಕ್ಕಿ ಎರಡು–ಮೂರು ವಾರ ಕಳೆದ ಮೇಲೆ ಮೊಟ್ಟೆಯೊಳಗೆ ಮರಿ ತಯಾರಾಗುತ್ತದೆ. ಅಷ್ಟರಲ್ಲಿ ಮಲ ಒಣಗಿ, ಪುಡಿಯಾಗಿ, ಮಳೆಗೆ ಕರಗಿ ಕಾಣದಾಗಿರುತ್ತದೆ. ಗಟ್ಟಿ ಸಿಪ್ಪೆಯ ಮೊಟ್ಟೆ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತದೆ. ಕಣ್ಣಿಗೆ ಶುಚಿಯಾಗಿ ಕಾಣುವ ಮಣ್ಣೇ ಹೆಚ್ಚು ಅಪಾಯದ್ದಾಗಿರಬಹುದು.

ಇಲಿ, ಬಸವನಹುಳು ಮತ್ತು ಮೂರನೆಯವರು

ಮಿದುಳಿಗೆ ಹೋಗುವುದರಲ್ಲಿ ಟಾಕ್ಸೊಕಾರಕ್ಕಿಂತ ಪಳಗಿದ ಇನ್ನೊಂದು ಹುಳು ಇದೆ. ಅದು ಇಲಿಯ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ವಾಸಿಸುವ ಇಲಿಶ್ವಾಸ ಹುಳು. ಶಾಸ್ತ್ರೀಯ ಹೆಸರು ಆಂಜಿಯೊಸ್ಟ್ರಾಂಜೈಲಸ್ ಕ್ಯಾಂಟೊನೆನ್ಸಿಸ್. 1935ರಲ್ಲಿ ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಇದನ್ನು ಗುರುತಿಸಿದವರು ಚೆನ್ ಎಂಬ ವಿಜ್ಞಾನಿ. ಹತ್ತು ವರ್ಷದ ನಂತರ ತೈವಾನಿನಲ್ಲಿ ಮನುಷ್ಯನಲ್ಲಿ ಇದರ ಸೋಂಕು ಮೊದಲ ಬಾರಿಗೆ ವರದಿಯಾಯಿತು. ಇದರ ಜೀವನಚಕ್ರವನ್ನು 1955ರಲ್ಲಿ ಬಿಡಿಸಿಟ್ಟವರು ಆಸ್ಟ್ರೇಲಿಯಾದ ಜೋಸೆಫಿನ್ ಮ್ಯಾಕೆರಾಸ್ ಮತ್ತು ಡೊರೊಥಿಯಾ ಸ್ಯಾಂಡರ್ಸ್. ಪೆಸಿಫಿಕ್ ದ್ವೀಪಗಳಲ್ಲಿ ಜನರನ್ನು ಕಾಡುತ್ತಿದ್ದ ಕಾರಣ ತಿಳಿಯದ ಪೊರೆಯುರಿಯ ಹಿಂದೆ ಇದೇ ಹುಳು ಇದೆ ಎಂದು ಹವಾಯಿಯಲ್ಲಿ ಲಿಯಾನ್ ರೋಸೆನ್ ಮತ್ತು ಸಂಗಡಿಗರು 1962ರಲ್ಲಿ ತೋರಿಸಿದರು.

ಈ ಹುಳುವಿಗೆ ಎರಡು ಮನೆ ಬೇಕು. ಇಲಿಯ ಹಿಕ್ಕೆಯೊಂದಿಗೆ ಹೊರಬಿದ್ದ ಮರಿಗಳು ಬಸವನಹುಳುವಿನ ಅಥವಾ ಚಿಪ್ಪಿಲ್ಲದ ಸಿಂಬಳಹುಳುವಿನ ದೇಹ ಸೇರುತ್ತವೆ. ಅಲ್ಲಿ ಎರಡು ಮೂರು ವಾರ ಬೆಳೆಯುತ್ತವೆ. ಆ ಬಸವನಹುಳುವನ್ನು ಇಲಿ ತಿಂದರೆ ಚಕ್ರ ಪೂರ್ತಿಯಾಗುತ್ತದೆ. ಇಲಿಯ ಬದಲು ಮನುಷ್ಯ ತಿಂದರೆ ಕಷ್ಟ ಶುರುವಾಗುತ್ತದೆ.

ಮನುಷ್ಯರು ಬಸವನಹುಳು ತಿನ್ನುತ್ತಾರೆಯೇ? ತಿಳಿದು ತಿನ್ನುವವರು ನಮ್ಮಲ್ಲಿ ಕಡಿಮೆ. ತಿಳಿಯದೆ ತಿನ್ನುವವರು ಅಂಬೆಗಾಲಿಡುವ ಮಕ್ಕಳು, ಮಣ್ಣುಬಯಕೆ ಇರುವವರು. ತೇವದ ಮಣ್ಣಿನ ಹಿಡಿಯೊಂದಿಗೆ ಉಗುರಿನಷ್ಟು ಚಿಕ್ಕ ಸಿಂಬಳಹುಳುವೂ ಬಾಯಿಗೆ ಹೋಗಬಹುದು. ಪಂಥ ಕಟ್ಟಿ ತಿಂದವರೂ ಇದ್ದಾರೆ. 2010ರಲ್ಲಿ ಸಿಡ್ನಿಯ ಯುವಕನೊಬ್ಬ ಗೆಳೆಯರ ಮುಂದೆ ಒಂದು ಸಿಂಬಳಹುಳು ನುಂಗಿದ. ತಿಂಗಳುಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ, ಆಮೇಲೆ ಕೈಕಾಲಿನ ಸ್ವಾಧೀನ ಕಳೆದುಕೊಂಡು ಬದುಕಿ 2018ರಲ್ಲಿ ತೀರಿಕೊಂಡ. ನಮ್ಮ ನೆರೆಯ ಕೇರಳದ ವೈದ್ಯರು ವರದಿ ಮಾಡಿದ ರೋಗಿಗಳಲ್ಲಿ ಔಷಧಿ ಎಂದು ನಂಬಿ ಉಡದ ಹಸಿ ಮಾಂಸ ತಿಂದವರಿದ್ದರು. ಉಡ ಬಸವನಹುಳುಗಳನ್ನು ತಿನ್ನುತ್ತದೆ, ಮರಿಹುಳುಗಳು ಅದರ ಮಾಂಸದಲ್ಲಿ ಜೀವಂತವಾಗಿ ಉಳಿಯುತ್ತವೆ.

ಬೆಂಗಳೂರಿಗೂ ಇದಕ್ಕೂ ಏನು ನಂಟು? ಮಳೆಗಾಲದಲ್ಲಿ ಇಲ್ಲಿನ ಕಾಂಪೌಂಡ್ ಗೋಡೆಗಳ ಮೇಲೆ, ಪಪ್ಪಾಯ ಗಿಡಗಳ ಮೇಲೆ, ಹೂಕುಂಡಗಳ ಬುಡದಲ್ಲಿ ಅಂಗೈ ಅಗಲದ ಆಫ್ರಿಕನ್ ದೈತ್ಯ ಬಸವನಹುಳುಗಳು ಏಳುತ್ತವೆ. ಇವು ಈ ನೆಲದವಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಚಿಪ್ಪುಜೀವಿ ತಜ್ಞ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಚೌರಂಗಿಯ ತೋಟವೊಂದಕ್ಕೆ ಕೊಟ್ಟದ್ದರಿಂದ ಭಾರತದಲ್ಲಿ ಇವುಗಳ ಹರಡುವಿಕೆ ಆರಂಭವಾಯಿತು. ಜಗತ್ತಿನ ಅನೇಕ ಕಡೆ ಇಲಿಶ್ವಾಸ ಹುಳುವನ್ನು ಹೊತ್ತು ತಿರುಗುವುದು ಈ ಬಸವನಹುಳುವೇ. ಇನ್ನು ಇಲಿ, ಹೆಗ್ಗಣ. ಧಾನ್ಯ, ಆಲೂಗಡ್ಡೆ, ಈರುಳ್ಳಿ ಮೂಟೆಗಳು ಬಂದಿಳಿಯುವ ಯಶವಂತಪುರದ ಮಾರುಕಟ್ಟೆಯ ಅಕ್ಕಪಕ್ಕದಲ್ಲಿ ಅವುಗಳಿಗೆ ಕೊರತೆಯೇ ಇಲ್ಲ. ಮುಂಬಯಿಯ ಇಲಿಗಳಲ್ಲಿ ಈ ಹುಳು ಇದೆ ಎಂದು 1982ರಲ್ಲೇ ಪ್ರಕಟವಾಗಿದೆ. ಹಾಗೆಂದು ನಮ್ಮ ತೋಟದ ಪ್ರತಿಯೊಂದು ಬಸವನಹುಳುವಿನಲ್ಲೂ ಹುಳು ಇದೆ ಎಂದು ಗಾಬರಿಯಾಗಬೇಕಿಲ್ಲ. ಹುಳುವಿಗೆ ಬೇಕಾದ ಎರಡು ಮನೆಗಳೂ ಇಲ್ಲಿ ಅಕ್ಕಪಕ್ಕ ಇವೆ ಎಂಬುದನ್ನು ಮರೆಯಬಾರದು, ಅಷ್ಟೆ.

ಹೆಬ್ಬಾಳದಲ್ಲಿ ತಪ್ಪಿದ ಕವಲು

ಈಗ ಒಗಟಿಗೆ ಬರೋಣ. ಹೊಟ್ಟೆಗೆ ಹೋದ ಮರಿ ಮಿದುಳಿಗೆ ಏಕೆ ಹೋಗುತ್ತದೆ?

ಮನುಷ್ಯನದೇ ಆದ ಜಂತುಹುಳುವನ್ನು ಮೊದಲು ನೋಡೋಣ. ಮಣ್ಣಿನೊಂದಿಗೆ ಅದರ ಮೊಟ್ಟೆ ನುಂಗಿದಾಗ ಮರಿ ಕರುಳಿನಲ್ಲಿ ಒಡೆದು ಹೊರಬರುತ್ತದೆ. ಅಲ್ಲೇ ನಿಲ್ಲದೆ ಕರುಳಿನ ಗೋಡೆ ಕೊರೆದು ರಕ್ತಕ್ಕೆ ಇಳಿಯುತ್ತದೆ. ಯಕೃತ್ತು, ಹೃದಯ, ಶ್ವಾಸಕೋಶ ಹೀಗೆ ಸಾಗಿ, ಉಸಿರುನಾಳ ಹತ್ತಿ, ಗಂಟಲಿಗೆ ಬಂದು, ನುಂಗಿದಾಗ ಮತ್ತೆ ಕರುಳಿಗೆ ಇಳಿಯುತ್ತದೆ. ದೊಡ್ಡ ಹುಳುವಾಗುವುದು ಈ ಸುತ್ತು ಮುಗಿದ ಮೇಲೆ. ಅದಕ್ಕೆ ನಮ್ಮ ಮೈಯ ದಾರಿ ಗೊತ್ತು. ಹೊರಟಲ್ಲಿಗೆ ಅದು ಮರಳುತ್ತದೆ.

ನಾಯಿಯ ಜಂತುಹುಳು ನಾಯಿಮರಿಯ ಮೈಯಲ್ಲಿ ಮಾಡುವುದೂ ಇದೇ ಸುತ್ತನ್ನು. ಇಲಿಶ್ವಾಸ ಹುಳುವಿನ ಸುತ್ತು ಬೇರೆ. ಅದು ಇಲಿಯ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ನೇರ ಮಿದುಳಿಗೆ ಹೋಗುತ್ತದೆ. ಇಲಿಯ ಮಿದುಳು ಅದಕ್ಕೆ ಬೆಳೆಯುವ ಜಾಗ. ಅಲ್ಲಿ ಎರಡು ಬಾರಿ ಪೊರೆ ಕಳಚಿ, ಸುಮಾರು ಒಂದು ಸೆಂಟಿಮೀಟರ್ ಉದ್ದವಾಗಿ, ಮಿದುಳಿನ ಪೊರೆಗಳ ನಡುವಿನ ನೀರಿಗೆ ಬಂದು, ಅಲ್ಲಿಂದ ರಕ್ತನಾಳ ಹಿಡಿದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಿದುಳಿನಲ್ಲಿ ಅದಕ್ಕೇನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಇದು. ಮಿದುಳು ಅದರ ನಿತ್ಯದ ದಾರಿಯ ಒಂದು ನಿಲ್ದಾಣ.

ತೊಂದರೆ ಬರುವುದು ಮೈ ಬದಲಾದಾಗ. ವಿಮಾನ ನಿಲ್ದಾಣದ ಕಡೆಯಿಂದ ಬಂದು ಹೆಬ್ಬಾಳದ ಮೇಲ್ಸೇತುವೆ ಏರುವ ಚಾಲಕನನ್ನು ನೆನೆಯಿರಿ. ಅವನು ನಕ್ಷೆ ನೋಡುವುದಿಲ್ಲ. ದಿನವೂ ತಿರುಗಿದ ಅಭ್ಯಾಸದಿಂದ ಏರಬೇಕಾದಲ್ಲಿ ಏರುತ್ತಾನೆ, ಇಳಿಯಬೇಕಾದಲ್ಲಿ ಇಳಿಯುತ್ತಾನೆ. ಒಂದು ದಿನ ಅವನು ಇಳಿಯುವ ಕವಲೇ ಇಲ್ಲದಂತಾದರೆ? ಏರಿದ್ದಾಗಿದೆ. ಹಿಂದಕ್ಕೆ ತಿರುಗುವಂತಿಲ್ಲ. ಗಾಡಿ ಸೇತುವೆಯ ಮೇಲೇ ನಿಲ್ಲುತ್ತದೆ, ಹಿಂದೆ ಸಾಲುಗಟ್ಟಿದ ಗಾಡಿಗಳಿಂದ ಇಡೀ ದಾರಿ ಕಟ್ಟಿಹೋಗುತ್ತದೆ.

ಮರಿಹುಳುವಿಗೂ ನಕ್ಷೆ ಇಲ್ಲ. ಅದಕ್ಕಿರುವುದು ಒಂದಾದ ಮೇಲೊಂದು ಹೆಜ್ಜೆ ಇಡುವ ಹುಟ್ಟುಗುಣ. ಮನುಷ್ಯನ ಮೈಯಲ್ಲೂ ಕರುಳಿದೆ, ರಕ್ತವಿದೆ, ಮಿದುಳಿದೆ, ಹಾಗಾಗಿ ಏರುವ ಹೆಜ್ಜೆಗಳೆಲ್ಲ ಸರಿಯಾಗಿಯೇ ಬೀಳುತ್ತವೆ. ಗೋಡೆ ಕರಗಿಸುವ ಕಿಣ್ವಗಳನ್ನು ಸುರಿಸುತ್ತಾ ಅದು ಪೊರೆಗಳ ನಡುವಿನ ನೀರಿಗೆ ಬಂದು ಸೇರುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯುವ ಹೆಜ್ಜೆ ಮಾತ್ರ ಮನುಷ್ಯನಲ್ಲಿ ಸಾಮಾನ್ಯವಾಗಿ ಕೈಗೂಡುವುದಿಲ್ಲ. ಹುಳು ಅಲ್ಲೇ ಅಲೆಯುತ್ತದೆ, ಅಲ್ಲೇ ಸಾಯುತ್ತದೆ.

ಟಾಕ್ಸೊಕಾರದ ಮರಿ ದಾರಿ ತಪ್ಪುವುದು ಇನ್ನೂ ಮೊದಲೇ. ಮನುಷ್ಯನ ಶ್ವಾಸಕೋಶಕ್ಕೆ ಬಂದಾಗ ಉಸಿರುನಾಳ ಹತ್ತುವ ಬದಲು ಅದು ರಕ್ತದಲ್ಲೇ ಉಳಿಯುತ್ತದೆ. ಹೃದಯ ತಳ್ಳಿದ ಕಡೆಗೆ ಹೋಗುತ್ತದೆ: ಯಕೃತ್ತು, ಕಣ್ಣು, ಮಾಂಸಖಂಡ, ಒಮ್ಮೊಮ್ಮೆ ಮಿದುಳು. ನಮ್ಮ ಮೈಯಲ್ಲಿ ಅದು ದೊಡ್ಡದಾಗುವುದೇ ಇಲ್ಲ, ಅರ್ಧ ಮಿಲಿಮೀಟರಿಗೂ ಕಡಿಮೆ ಉದ್ದದಲ್ಲೇ ಉಳಿಯುತ್ತದೆ. ಬಹುಪಾಲು ಜನರಿಗೆ ಅದು ಬಂದದ್ದೂ ತಿಳಿಯದಿರಲು ಇದೊಂದು ಕಾರಣ. ಮಲಪರೀಕ್ಷೆಯಲ್ಲಿ ಅದರ ಮೊಟ್ಟೆ ಎಂದೂ ಸಿಗುವುದಿಲ್ಲ, ಏಕೆಂದರೆ ಮೊಟ್ಟೆ ಇಡುವ ವಯಸ್ಸಿಗೆ ಅದು ನಮ್ಮಲ್ಲಿ ಬರುವುದೇ ಇಲ್ಲ. ಉತ್ತರ ಅಮೆರಿಕದ ರಕೂನ್ ಎಂಬ ಪ್ರಾಣಿಯ ಜಂತುಹುಳು ಇದಕ್ಕೆ ತದ್ವಿರುದ್ಧ. ಅದರ ಮರಿ ಅಲೆಯುತ್ತಲೇ ಬೆಳೆಯುತ್ತದೆ, ಆದ್ದರಿಂದ ಮಿದುಳಿನಲ್ಲಿ ಅದು ಮಾಡುವ ಹಾನಿ ಭೀಕರ. ಅಲ್ಲಿ ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಮಣ್ಣು ತಿನ್ನುವ ಚಿಕ್ಕ ಮಕ್ಕಳು ಮತ್ತು ಬೌದ್ಧಿಕ ಬೆಳವಣಿಗೆ ನಿಧಾನವಾದವರು. ಆ ಪ್ರಾಣಿ ನಮ್ಮಲ್ಲಿಲ್ಲ, ಆದರೆ ಪಾಠ ನಮಗೂ ಸಲ್ಲುತ್ತದೆ. ಎಷ್ಟು ಮರಿಗಳು ಒಳಹೊಕ್ಕವು, ಅವು ಎಷ್ಟು ಬೆಳೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬ ಮೂರರ ಮೇಲೆ ಹಾನಿಯ ಪ್ರಮಾಣ ನಿಂತಿದೆ. ಒಮ್ಮೆ ಅಕಸ್ಮಾತ್ ಬಾಯಿಗೆ ಹೋದ ಮಣ್ಣಿಗೂ ದಿನವೂ ತಿನ್ನುವ ಹಿಡಿ ಮಣ್ಣಿಗೂ ಇರುವ ವ್ಯತ್ಯಾಸ ಇದು.

ಕೆಂಗಾಳು ಕಣಗಳ ದಂಡು

ಮಿದುಳಿನ ಸುತ್ತ, ಬೆನ್ನುಹುರಿಯ ಸುತ್ತ ತಿಳಿಯಾದ ನೀರಿದೆ. ದೊಡ್ಡವರಲ್ಲಿ ಇದು ಸುಮಾರು 150 ಮಿಲಿಲೀಟರ್. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಊರಿ, ಅಷ್ಟೇ ಹೀರಿಹೋಗುತ್ತದೆ. ಈ ನೀರಿನಲ್ಲಿ ಹುಳು ಸಿಕ್ಕಿಬಿದ್ದಾಗ ದೇಹ ತನ್ನ ಬಿಳಿಯ ರಕ್ತಕಣಗಳಲ್ಲಿ ಒಂದು ವಿಶೇಷ ಬಗೆಯನ್ನು ಕಳಿಸುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವುಗಳ ತುಂಬ ಕೆಂಪು ಕಾಳುಗಳು ಕಾಣುತ್ತವೆ. ಕೆಂಗಾಳು ಕಣ ಎನ್ನೋಣ, ಲ್ಯಾಬಿನ ವರದಿಯಲ್ಲಿ ಇಯೋಸಿನೋಫಿಲ್ ಎಂದಿರುತ್ತದೆ. ಹುಳುಗಳ ಮೇಲೆ ಎರಗುವುದು ಇವುಗಳ ಮುಖ್ಯ ಕೆಲಸಗಳಲ್ಲಿ ಒಂದು. ಆ ಕಾಳುಗಳಲ್ಲಿರುವ ವಿಷವಸ್ತು ಹುಳುವಿಗೆ ತಾಗುವಂತೆ ಸುತ್ತಲಿನ ನರಕ್ಕೂ ತಾಗುತ್ತದೆ.

ಪೊರೆ ಉರಿದು ಬಾತುಕೊಳ್ಳುತ್ತದೆ. ನೀರು ಹೀರಿಹೋಗುವುದಕ್ಕೆ ತಡೆಯಾಗುತ್ತದೆ, ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಸಹಿಸಲಾಗದ ತಲೆನೋವು, ವಾಂತಿ, ಕತ್ತು ಬಿಗಿತ ಬರುತ್ತವೆ. ಇಲಿಶ್ವಾಸ ಹುಳುವಿನಲ್ಲಿ ಚರ್ಮ ಜುಮ್ಮೆನ್ನುವುದು, ಬಟ್ಟೆ ತಾಗಿದರೂ ಉರಿಯುವುದು ಇನ್ನೊಂದು ಕುರುಹು. ಸಾಮಾನ್ಯವಾಗಿ ಇದೆಲ್ಲ ಹುಳು ಬಾಯಿಗೆ ಹೋಗಿ ಒಂದರಿಂದ ಮೂರು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ತಿಂದದ್ದೇನು ಎಂಬುದೇ ಮರೆತುಹೋಗಿರುತ್ತದೆ.

ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದಾಗ ಪ್ರತಿ ಘನ ಮಿಲಿಮೀಟರಿನಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಕೆಂಗಾಳು ಕಣಗಳಿದ್ದರೆ, ಇಲ್ಲವೇ ಬಿಳಿಕಣಗಳಲ್ಲಿ ನೂರಕ್ಕೆ 10 ಕೆಂಗಾಳು ಕಣಗಳಾಗಿದ್ದರೆ ವೈದ್ಯರು ಹುಳುವಿನತ್ತ ಬೆರಳು ಮಾಡುತ್ತಾರೆ. ಆದರೆ ಬಣ್ಣ ಹಾಕದೆ ಎಣಿಸಿದರೆ ಈ ಕಣಗಳು ಬೇರೆ ಬಿಳಿಕಣಗಳೊಂದಿಗೆ ಬೆರೆತು ತಪ್ಪಿಹೋಗಬಹುದು. ನಮ್ಮ ದೇಶದಲ್ಲಿ ಹೀಗೆ ತಲೆನೋವು, ಕತ್ತು ಬಿಗಿತದೊಂದಿಗೆ ಬಂದ ರೋಗಿಯನ್ನು ನೋಡಿದೊಡನೆ ವೈದ್ಯರ ಮನಸ್ಸು ಕ್ಷಯದ ಕಡೆ ಹೋಗುವುದು ಸಹಜ, ಅದು ಸರಿಯೂ ಹೌದು. ಹುಳುವನ್ನು ಹುಡುಕಬೇಕೆಂಬ ಸುಳಿವು ರೋಗಿಯ ಮಾತಿನಿಂದಲೇ ಸಿಗಬೇಕು.

ಚಿಕಿತ್ಸೆಯಲ್ಲೂ ಒಂದು ಸೂಕ್ಷ್ಮ ಇದೆ. ಹುಳು ಇದೆ ಎಂದರೆ ಹುಳು ಕೊಲ್ಲುವ ಮಾತ್ರೆ ನುಂಗಿಸಿದರೆ ಮುಗಿಯಿತು ಎನಿಸಬಹುದು. ಮಿದುಳಿನಲ್ಲಿ ಹುಳುಗಳು ಒಟ್ಟಿಗೆ ಸತ್ತು ಕರಗತೊಡಗಿದರೆ ಉರಿಯೂತ ಭುಗಿಲೇಳಬಹುದು. ಆದ್ದರಿಂದ ಮೊದಲ ಗುರಿ ಉರಿಯೂತ ಇಳಿಸುವುದು. ಥಾಯ್ಲೆಂಡಿನ ಖೋನ್ ಕೇನ್‌ನ ವೈದ್ಯರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ರೋಗಿಗಳಿಗೆ ಎರಡು ವಾರ ಸ್ಟೀರಾಯ್ಡ್ ಕೊಟ್ಟರು. 13 ದಿನ ಕಾಡುತ್ತಿದ್ದ ತಲೆನೋವು 5 ದಿನಕ್ಕೆ ಇಳಿಯಿತು. ಬೆನ್ನಿನ ನೀರು ತೆಗೆದರೆ ಒತ್ತಡ ಇಳಿದು ನೋವು ಕಡಿಮೆಯಾಗುವುದೂ ಉಂಟು. ಇಲಿಶ್ವಾಸ ಹುಳುವಿನ ರೋಗಿಗಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಔಷಧಿ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವ ಕಾಯಿಲೆ ಇದಲ್ಲ.

ಎಲೆಕೋಸಿನ ಮೇಲೆ ಬಿದ್ದ ಅಪವಾದ

ಎಲೆಕೋಸು ತಿಂದರೆ ಮಿದುಳಿಗೆ ಹುಳು ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಲಾಡಿಹುಳುವಿನ ಕತೆ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಹುಳುಕೋಶ ಇದ್ದರೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿಗೆ ಹೋಗುವುದು ಅದರ ಮೊಟ್ಟೆಯಿಂದ ಬಂದ ಮರಿ. ಆ ಮೊಟ್ಟೆ ಬರುವುದು ಲಾಡಿಹುಳು ಇರುವ ಮನುಷ್ಯನ ಮಲದಿಂದ. ಮಲ ಬೆರೆತ ನೀರು ಹಾಯಿಸಿದ ತರಕಾರಿ, ತೊಳೆಯದ ಕೈ, ಬಯಲಿನ ಮಣ್ಣು ಇವೇ ಅದರ ದಾರಿ. ಹಾಗಾಗಿ ಹಂದಿಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಕೋಸಿನ ತಪ್ಪು ಏನೂ ಇಲ್ಲ.

ಈ ಮರಿ ಹಂದಿಯ ಮೈಯಲ್ಲಿ ಕೋಶವಾಗಿ ಕೂರಬೇಕಾದದ್ದು. ಮನುಷ್ಯ ಮೊಟ್ಟೆ ನುಂಗಿದಾಗ ಹಂದಿಯ ಜಾಗದಲ್ಲಿ ಅವನು ನಿಲ್ಲುತ್ತಾನೆ. ಕೋಶ ಮಿದುಳಿನೊಳಗೆ ಕೂತರೆ ಫಿಟ್ಸ್ ಬರುತ್ತದೆ. ಮಿದುಳಿನ ಬುಡದ ನೀರಿನಲ್ಲಿ ಬೆಳೆದರೆ ಪೊರೆಯುರಿಯೂ ಬರಬಹುದು. ನಾಯಿಯದು, ಇಲಿಯದು, ಹಂದಿಯದು ಮೂರರಲ್ಲೂ ನಿಯಮ ಒಂದೇ. ಬೇರೊಂದು ಪ್ರಾಣಿಗೆಂದು ಹೊರಟ ಮರಿ ನಮ್ಮ ಮೈ ಹೊಕ್ಕಿತು, ಮುಂದಿನ ದಾರಿ ಸಿಗದೆ ಅಲ್ಲೇ ಉಳಿಯಿತು.

ಕೇಳಬೇಕಾದ ಒಂದು ಪ್ರಶ್ನೆ

ಮಣ್ಣು ತಿನ್ನುವವರಲ್ಲಿ ಬಹುಪಾಲು ಜನರಿಗೆ ಪೊರೆಯುರಿ ಬರುವುದಿಲ್ಲ. ಇದು ಅಪರೂಪದ ಕಾಯಿಲೆ. ಆದರೆ ಬಂದಾಗ ದಿನಗಳು ಬೆಲೆಬಾಳುತ್ತವೆ. ಆ ದಿನಗಳು ಹಾಳಾಗುವುದು ನಾಚಿಕೆಯಿಂದ. ಬಳಪ ತಿನ್ನುವ ಹೆಂಗಸು ಗಂಡನಿಗೂ ಹೇಳಿರುವುದಿಲ್ಲ. ಮಗ ಹೂಕುಂಡದ ಮಣ್ಣು ತಿನ್ನುತ್ತಾನೆಂದು ತಾಯಿ ಡಾಕ್ಟರ ಮುಂದೆ ಹೇಳಲು ಹಿಂಜರಿಯುತ್ತಾಳೆ, ತನ್ನನ್ನೇ ಬೈದಾರು ಎಂದು. ಬೈಗುಳ ಬಯಕೆಯನ್ನು ಬಿಡಿಸುವುದಿಲ್ಲ, ಬಚ್ಚಿಡಲು ಕಲಿಸುತ್ತದೆ.

ಆದ್ದರಿಂದ ವೈದ್ಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿ ಶಿಕ್ಷಕಿಯರಲ್ಲಿ ಒಂದು ಮನವಿ. ರಕ್ತ ಕಡಿಮೆ ಇರುವ ಪ್ರತಿಯೊಬ್ಬ ಬಸುರಿಯನ್ನೂ ಮಗುವಿನ ತಾಯಿಯನ್ನೂ ಹಗುರವಾಗಿ, ಮುಖ ಸಿಂಡರಿಸದೆ ಕೇಳಿ: ಏನಮ್ಮಾ, ಮಣ್ಣು, ಬಳಪ ತಿನ್ನೋ ಆಸೆ ಆಗುತ್ತಾ? ಹೌದು ಎಂದರೆ ಹಿಮೋಗ್ಲೋಬಿನ್ ನೋಡಿ, ಕಬ್ಬಿಣದ ಮಾತ್ರೆ ಕೊಡಿ, ಮತ್ತೆ ಬಂದು ತೋರಿಸಲು ಹೇಳಿ. ತೀವ್ರ ತಲೆನೋವು, ವಾಂತಿ, ಕತ್ತು ಬಿಗಿತದೊಂದಿಗೆ ಬಂದವರನ್ನೂ ಇದನ್ನೇ ಕೇಳಿ.

ಮನೆಯವರಿಗೂ ಕೆಲಸವಿದೆ. ಸಾಕಿದ ನಾಯಿಮರಿಗೆ ಹುಟ್ಟಿದ ಎರಡನೇ ವಾರದಿಂದ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಜಂತಿನ ಔಷಧಿ ಹಾಕಿಸಿ. ನಾಯಿಯ ಮಲವನ್ನು ಆ ದಿನವೇ ಎತ್ತಿ, ಮೊಟ್ಟೆಯೊಳಗೆ ಮರಿ ತಯಾರಾಗುವ ಮೊದಲು. ಸೈಟಿನ ಮರಳಿನ ರಾಶಿಗೆ ರಾತ್ರಿ ಟಾರ್ಪಾಲು ಹೊದಿಸಿ. ಮಳೆಗಾಲದಲ್ಲಿ ಬಸವನಹುಳುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಲಲ್ಲಿ ಹೊಸಕಬೇಡಿ. ಕೈಗವಸು ಹಾಕಿ ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪು, ಎಲೆಗಳನ್ನು ಒಂದೊಂದಾಗಿ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಆದರೆ ಅದು ಕರುಳಿನ ಹುಳುಗಳಿಗೆಂದು ಕೊಡುವ ಒಂದು ಮಾತ್ರೆ, ಕರುಳು ಬಿಟ್ಟು ಮೈಯಲ್ಲಿ ಅಲೆಯುತ್ತಿರುವ ಮರಿಗಳಿಗೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂಬುದು ನೆನಪಿರಲಿ.

ನಿಮಗೇ ಈ ಬಯಕೆ ಇದ್ದರೆ, ಅದು ನಿಮ್ಮ ನಡತೆಯ ದೋಷವಲ್ಲ. ಮೈಯಲ್ಲಿ ಏನೋ ಕಡಿಮೆಯಾಗಿದೆ ಎಂಬ ಸೂಚನೆ ಇರಬಹುದು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಏನು ತಿನ್ನುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ.